ನಾನೂರ ಹದಿನೇಳರ ಎರಡನೇ ಸಾಲು

"ಸಹಿ ಮಾಡಂಗಿಲ್ಲ ಅಂದ್ರ ಮಾಡಂಗಿಲ್ಲ."

ಅಶ್ವಿನಿ ಪೆನ್ನನ್ನು ಮೇಜಿನ ಮೇಲೆ ಕುಕ್ಕಿದಳು. ಉಡುಪಿ ಕಡೆಗೆ ಬಂದು ಹದಿನಾರು ವರ್ಷವಾಗಿ, ಇಲ್ಲಿಯವರ ಹಾಗೆಯೇ ಉಂಟು, ಎಂತ ಎಂದು ಮಾತಾಡುವ ಹುಡುಗಿ. ಸಿಟ್ಟು ನೆತ್ತಿಗೇರಿದಾಗ ಮಾತ್ರ ಅಪ್ಪ ಅಮ್ಮನ ಕೊಪ್ಪಳದ ಮಾತು ಬಾಯಿಗೆ ಬರುತ್ತಿತ್ತು. ಇವತ್ತು ಬೆಳಿಗ್ಗೆಯಿಂದ ಅದೇ ಬರುತ್ತಿತ್ತು.

ಲ್ಯಾಬಿನ ಮ್ಯಾನೇಜರ್ ಸುಕೇಶ ಪೆನ್ನನ್ನು ಮತ್ತೆ ಅವಳ ಕಡೆಗೆ ಸರಿಸಿದ. "ನೋಡು ಮಾರಾಯ್ತಿ, ನಿನ್ನ ಒಳ್ಳೆಯದಕ್ಕೇ ಹೇಳುವುದು. ಕಂಪ್ಯೂಟರಿನ ಲಾಗ್‌ನಿಂದ ಸಾಲು ಅಳಿಸಿದ್ದು ನಾನೇ ಅಂತ ಸಹಿ ಹಾಕು, ಕೆಲಸ ಬಿಟ್ಟು ಹೋಗು. ಹನ್ನೆರಡು ಗಂಟೆಗೆ ಎಸ್ಸೈ ಬರುತ್ತಾರೆ. ಸಹಿ ಇದ್ದರೆ ಕಂಪ್ಲೇಂಟ್ ಇಲ್ಲ. ಇಲ್ಲದಿದ್ದರೆ ನಿನ್ನನ್ನು ಜೀಪಿನಲ್ಲಿ ಕೂರಿಸಿಕೊಂಡೇ ಹೋಗುತ್ತಾರೆ."

"ಕೂರಿಸ್ಕೊಂಡು ಹೋಗ್ಲಿ. ನಮ್ಮಪ್ಪನ ಬಾಯಿಗೆ ಮಣ್ಣು ಹಾಕಿದ್ದಾಯ್ತು. ಈಗ ನನ್ನ ಬಾಯಿಗೂ ಹಾಕಾಕ ಬಂದ್ರಿ?"

ಭೇಷ್, ಎಂದು ಮನಸ್ಸಿನಲ್ಲೇ ಅಂದುಕೊಂಡರು ಪ್ರಫುಲ್ಲಾ.

ಮೂಲೆಯ ಸ್ಟೂಲಿನ ಮೇಲೆ ಕೂತು, ಮಡಿಲಲ್ಲಿ ಉದ್ದಕ್ಕೂ ಮಡಚಿದ ಕಂಪ್ಯೂಟರ್ ಕಾಗದದ ಕಟ್ಟನ್ನು ಹಾಸಿಕೊಂಡಿದ್ದರು ಅವರು. ವಯಸ್ಸು ಐವತ್ತೊಂದು. ಕಾರ್ಕಳದಲ್ಲಿ ಇಪ್ಪತ್ತು ವರ್ಷ ಟೈಪಿಂಗ್ ಇನ್‌ಸ್ಟಿಟ್ಯೂಟ್ ನಡೆಸಿದವರು. ಕಂಪ್ಯೂಟರ್ ಬಂದು ಹೊಟ್ಟೆಯ ಮೇಲೆ ಹೊಡೆದ ಮೇಲೆ ಒಂಬತ್ತು ಮೆಷಿನ್ ಮಾರಿದರು, ಒಂದನ್ನು ಇಟ್ಟುಕೊಂಡರು. ಹೆಸರಿಲ್ಲದ ಪತ್ರಗಳು ಯಾವ ಮೆಷಿನಿನಿಂದ ಹೊರಟವು ಎಂದು ಅಕ್ಷರದ ಓರೆ ನೋಡಿಯೇ ಹೇಳಿಬಿಡುತ್ತಿದ್ದರು. ಹಾಗೆ ಶುರುವಾದ ಪತ್ತೇದಾರಿ ಕೆಲಸಕ್ಕೆ ಇವತ್ತಿನವರೆಗೂ ಒಂದು ಬೋರ್ಡ್ ಇಲ್ಲ. ಎಲ್ಲರೂ ಕರೆಯುವುದು ಟೀಚರ್ ಎಂದೇ.

ಸುಕೇಶನೂ ಹಾಗೆಯೇ ಕರೆಯಬೇಕು. ಜೂನಿಯರ್ ಗ್ರೇಡಿನಲ್ಲಿ ಎರಡು ಸಲ ಡುಮ್ಕಿ ಹೊಡೆದದ್ದು ಇವರ ಕೈಕೆಳಗೆಯೇ ಅಲ್ವಾ!

"ಟೀಚರ್, ನೀವಾದರೂ ಇವಳಿಗೆ ಬುದ್ಧಿ ಹೇಳಿ."

"ಅವಳಿಗೆ ಬುದ್ಧಿ ಬೇಕಾದಷ್ಟು ಉಂಟು. ನಿನಗೆ ಸ್ವಲ್ಪ ಕೊಡುವ ಅಂತ ಬಂದದ್ದು ನಾನು."

ವಿಷಯ ಇಷ್ಟು. ಕಾಪುವಿನಲ್ಲಿ ಕಂಟ್ರಾಕ್ಟರ್ ಭುಜಂಗ ಕಟ್ಟಿಸುತ್ತಿದ್ದ ಕಲ್ಯಾಣ ಮಂಟಪದ ಸ್ಲ್ಯಾಬ್ ಕುಸಿದು ಇಪ್ಪತ್ತೆರಡು ದಿನ. ಅದರಡಿ ಸಿಕ್ಕಿ ಸತ್ತವನು ಸೆಂಟ್ರಿಂಗ್ ಮೇಸ್ತ್ರಿ ಹುಸೇನಪ್ಪ, ಅಶ್ವಿನಿಯ ಅಪ್ಪ. ಕೆಳಗಿನ ಆಧಾರದ ಕಂಬಗಳನ್ನು ಅವಸರದಲ್ಲಿ ಬಿಚ್ಚಿದ್ದೇ ಅವನು ಎಂದು ತಪ್ಪನ್ನು ಸತ್ತವನ ತಲೆಗೇ ಕಟ್ಟಿದ್ದರು. ಕಾಂಕ್ರೀಟಿನಲ್ಲಿ ದೋಷವಿಲ್ಲ ಎನ್ನುವುದಕ್ಕೆ ಈ ಮಣಿಪಾಲದ ಲ್ಯಾಬಿನ ರಿಪೋರ್ಟೇ ಸಾಕ್ಷಿ.

ಸ್ಲ್ಯಾಬಿಗೆ ಸುರಿಯುವ ಕಾಂಕ್ರೀಟಿನಲ್ಲೇ ಸ್ವಲ್ಪವನ್ನು ಚೌಕದ ಅಚ್ಚಿಗೆ ತುಂಬಿ ಕ್ಯೂಬ್ ಮಾಡುತ್ತಾರೆ. ಇಪ್ಪತ್ತೆಂಟು ದಿನ ನೀರಿನಲ್ಲಿಟ್ಟ ಮೇಲೆ ಇಲ್ಲಿಯ ಮೆಷಿನಿನಲ್ಲಿ ಅದನ್ನು ಒತ್ತಿ ಒಡೆಯುತ್ತಾರೆ. ಎಷ್ಟು ಭಾರಕ್ಕೆ ಒಡೆಯಿತು ಎಂಬ ಲೆಕ್ಕ ತಂತಿಯ ಮೂಲಕ ಕಂಪ್ಯೂಟರಿಗೆ ಹೋಗಿ ರಿಪೋರ್ಟಾಗಿ ಹೊರಬೀಳುತ್ತದೆ. ಕಾಪುವಿನ ಕ್ಯೂಬಿನ ನಂಬರು ನಾನೂರ ಹದಿನೇಳು. ರಿಪೋರ್ಟಿನ ಪ್ರಕಾರ ಕಲ್ಲಿನಂತೆ ಗಟ್ಟಿ.

ಇಲ್ಲೇ ಆಪರೇಟರ್ ಆಗಿದ್ದ ಅಶ್ವಿನಿ, ಅಪ್ಪನ ಹದಿಮೂರನೇ ದಿನದ ಮರುದಿನ ಬಂದು ಕಂಪ್ಯೂಟರ್ ತಾನಾಗಿಯೇ ದಾಖಲೆ ಬರೆದಿಡುವ ಲಾಗ್ ತೆಗೆದು ನೋಡಿದಳು. ಪ್ರತಿ ಕ್ಯೂಬಿನ ಎದುರು ಒಂದೇ ಸಾಲು: ನ್ಯೂ, ಅಂದರೆ ಹೊಸ ಲೆಕ್ಕ. ನಾನೂರ ಹದಿನೇಳಕ್ಕೆ ಮಾತ್ರ ಎರಡು: ನ್ಯೂ, ಅದರ ಕೆಳಗೆ ಕಾಪಿ. ಈ ರಿಪೋರ್ಟಿನಲ್ಲಿ ಏನೋ ಮೋಸ ಉಂಟು ಎಂದು ಅವಳು ಕೂಗೆಬ್ಬಿಸಿದಳು. ಸುಕೇಶ ಪ್ರೋಗ್ರಾಮಿನ ಹಾಳೆಗಳನ್ನು ಬೆಂಗಳೂರಿನ ಒಬ್ಬ ಎಕ್ಸ್‌ಪರ್ಟಿಗೆ ಕಳಿಸಿದ. ಅಲ್ಲಿಂದ ಬಂದ ಉತ್ತರ ಇಡೀ ಕೇಸನ್ನೇ ಬುಡಮೇಲು ಮಾಡಿತು.

"ಅವರು ಸ್ಪಷ್ಟವಾಗಿ ಬರೆದಿದ್ದಾರೆ," ಎಂದ ಸುಕೇಶ ಕಾಗದ ತೋರಿಸುತ್ತಾ. "ಮೆಷಿನ್ ಓದುವ ಭಾಗ, ರಿಪೋರ್ಟ್ ಮಾಡುವ ಭಾಗ ಅಂತ ಪ್ರೋಗ್ರಾಮಿನಲ್ಲಿ ಎರಡು ಫಂಕ್ಷನ್. ಒಂದರಿಂದ ಇನ್ನೊಂದಕ್ಕೆ ಫಲಿತಾಂಶ ದಾಟಿಸುವಾಗ ನಕಲು ಮಾಡಿಯೇ ದಾಟಿಸಬೇಕು. ನಕಲಾದಾಗೆಲ್ಲ ಲಾಗಿನಲ್ಲಿ ಕಾಪಿ ಅಂತ ಬೀಳಬೇಕು. ಅಂದರೆ ಪ್ರತಿ ಕ್ಯೂಬಿಗೂ ಕಾಪಿ ಸಾಲು ಇರಲೇಬೇಕು. ಸರಿ ಇರುವುದು ನಾನೂರ ಹದಿನೇಳು ಒಂದೇ. ಉಳಿದ ಎಲ್ಲವುಗಳಿಂದ ಯಾರೋ ಅಳಿಸಿದ್ದಾರೆ. ಯಾಕೆ? ಇದೊಂದು ಬೇರೆ ಕಾಣಲಿ ಅಂತ. ಯಾರಿಗೆ ಅದರಿಂದ ಲಾಭ? ಹುಸೇನಪ್ಪನ ಮಗಳಿಗೆ."

ಕೇಳಲು ಎಷ್ಟು ಚಂದ! ಮೂರು ದಿನದ ಹಿಂದೆ ಮೊದಲ ಸಲ ಕೇಳಿದಾಗ ಪ್ರಫುಲ್ಲಾರಿಗೂ ಅದು ನಿಜವೇ ಅನ್ನಿಸಿತ್ತು. ಸಹಾಯ ಕೇಳಿ ಬಂದ ಹುಡುಗಿ ತನ್ನನ್ನೂ ಯಾಮಾರಿಸಿದಳೋ ಎಂದು ಒಂದು ರಾತ್ರಿ ನಿದ್ದೆ ಬಂದಿರಲಿಲ್ಲ.

"ಲಿಯೋನೆಲ್," ಎಂದು ಕರೆದರು ಅವರು. "ನೀನೇ ಬರೆದ ಪ್ರೋಗ್ರಾಂ ಅಲ್ವಾ? ಬಾ ಇತ್ಲಾಗಿ, ಹೇಳು."

ಬಾಗಿಲ ಬಳಿ ನಿಂತಿದ್ದ ಲಿಯೋನೆಲ್ ಮುಂದೆ ಬಂದ. ಉಡುಪಿಯಲ್ಲಿ ಸಣ್ಣ ಕಂಪ್ಯೂಟರ್ ಕ್ಲಾಸ್ ನಡೆಸುವ, ಮೆಲುದನಿಯ ಮನುಷ್ಯ. ಎರಡು ವರ್ಷದ ಹಿಂದೆ ಈ ಲ್ಯಾಬಿಗೆ ಪ್ರೋಗ್ರಾಂ ಬರೆದುಕೊಟ್ಟವನು. ಬೆಳಿಗ್ಗೆಯಿಂದ ಅವನ ಮುಖದಲ್ಲಿ ರಕ್ತವೇ ಇರಲಿಲ್ಲ.

"ಎಕ್ಸ್‌ಪರ್ಟ್ ಹೇಳಿದ್ದು ಕಾಗದದ ಮೇಲೆ ಸರಿ," ಎಂದ. "ಆದರೆ ನಾವು ಬರೆದದ್ದು ಬರೆದ ಹಾಗೆಯೇ ಓಡುವುದಿಲ್ಲ. ನಡುವೆ ಕಂಪೈಲರ್ ಅಂತ ಉಂಟು. ನಮ್ಮ ಬರಹವನ್ನು ಮೆಷಿನಿಗೆ ತಿಳಿಯುವ ಹಾಗೆ ಮಾಡುವುದು ಅದು. ದಂಡದ ಕೆಲಸ ಕಂಡರೆ ಅದು ಮಾಡುವುದಿಲ್ಲ."

"ದಂಡದ ಕೆಲಸ ಅಂದರೆ?" ಎಂದ ಸುಕೇಶ.

"ನಕಲು. ಮೊದಲ ಫಂಕ್ಷನ್ ಕೊಟ್ಟ ಫಲಿತಾಂಶಕ್ಕೆ ನಾನು ಹೆಸರು ಇಟ್ಟಿಲ್ಲ. ಬಂದದ್ದನ್ನು ಹಾಗೇ ಎರಡನೆಯದಕ್ಕೆ ಕೊಟ್ಟಿದ್ದೇನೆ. ಮತ್ತೆ ಅದನ್ನು ಯಾರೂ ಕೇಳುವವರಿಲ್ಲ. ಹಾಗಿರುವಾಗ ಇಲ್ಲೊಂದು ಮಾಡಿ, ಅಲ್ಲಿಗೆ ನಕಲಿಸಿ, ಇಲ್ಲಿಯದನ್ನು ಬಿಸಾಡುವುದು ಯಾಕೆ? ಕಂಪೈಲರ್ ಮೊದಲೇ ಎರಡನೆಯದರ ಜಾಗದಲ್ಲೇ ಅದನ್ನು ತಯಾರು ಮಾಡಿಬಿಡುತ್ತದೆ. ನಕಲೇ ಇಲ್ಲ. ನಕಲಿಲ್ಲದ ಮೇಲೆ ಕಾಪಿ ಸಾಲು ಎಲ್ಲಿಂದ ಬರಬೇಕು?"

ಪ್ರಫುಲ್ಲಾರಿಗೆ ಇದು ನಿನ್ನೆ ಅವನ ಕ್ಲಾಸಿನಲ್ಲಿ ಕೂತು ಕೇಳಿದಾಗ ಅರ್ಧ ಗಂಟೆ ತಲೆಗೆ ಹೋಗಿರಲಿಲ್ಲ. ಹೋದದ್ದು ತಮ್ಮ ಇನ್‌ಸ್ಟಿಟ್ಯೂಟಿನ ನೆನಪಾದಾಗ. ಅರ್ಜಿ ಟೈಪ್ ಮಾಡಿಸಲು ಬಂದವರಿಗೆ ಹಾಳೆ ತೆಗೆದು ಕೈಗೇ ಕೊಡುತ್ತಿದ್ದರು. ಕಾರ್ಬನ್ ಇಡುತ್ತಿದ್ದದ್ದು ತಮಗೂ ಒಂದು ಬೇಕು ಅನ್ನಿಸಿದಾಗ ಮಾತ್ರ.

ಸುಕೇಶ ನಕ್ಕ. "ಲಾಗ್ ಬರೆಯುವ ಸಾಲನ್ನೂ ನುಂಗಿಬಿಡುತ್ತದಾ ನಿಮ್ಮ ಕಂಪೈಲರ್? ಯಾರಿಗೆ ಹೇಳ್ತೀರಿ ಈ ಕಥೆ?"

"ಈ ಒಂದು ವಿಷಯದಲ್ಲಿ ಅದಕ್ಕೆ ಅನುಮತಿ ಉಂಟು. ಆ ಭಾಷೆಯ ನಿಯಮದಲ್ಲೇ ಬರೆದಿದ್ದಾರೆ."

"ಕಥೆ ಬೇಡ," ಎಂದು ಪ್ರಫುಲ್ಲಾ ಎದ್ದರು. "ಕೈಯಲ್ಲಿ ಮಾಡಿ ತೋರಿಸುವ. ಸುಕೇಶ, ನೀನೇ ಮಾಡಬೇಕು. ಅಶ್ವಿನಿ, ನೀನು ಗೋಡೆಗೆ ಒರಗಿ ಕೈ ಕಟ್ಟಿ ನಿಲ್ಲು. ಮತ್ತೆ ಅವಳು ಮುಟ್ಟಿದಳು ಅಂತ ಬೇಡ."

ಬಜಗೋಳಿಯ ಯಾವುದೋ ಸೇತುವೆಯ ಕ್ಯೂಬ್, ಐನೂರ ಎಂಬತ್ಮೂರು, ಒದ್ದೆಯಾಗಿಯೇ ಕಟ್ಟೆಯ ಮೇಲಿತ್ತು. ಸುಕೇಶ ತೋಳು ಮಡಚಿ ಅದನ್ನು ಮೆಷಿನಿನ ದವಡೆಗೆ ಇಟ್ಟ, ನಂಬರ್ ಒತ್ತಿದ, ಲಿವರ್ ಎಳೆದ. ಮುಳ್ಳು ಏರಿತು. ಕ್ಯೂಬ್ ನಾಲ್ಕು ಮೂಲೆಯಿಂದ ಬಿರಿದು ಟಪ್ಪೆಂದಿತು. ರಿಪೋರ್ಟ್ ಕಿರ್ರೆನ್ನುತ್ತಾ ಹೊರಬಂತು.

"ಲಾಗ್ ತೆಗೆ."

ಸುಕೇಶ ತೆಗೆದ. ಐನೂರ ಎಂಬತ್ಮೂರರ ಎದುರು ಒಂದೇ ಸಾಲು ಇತ್ತು. ನ್ಯೂ.

"ಈಗ ಯಾರು ಅಳಿಸಿದ್ದು? ನೀನಾ, ನಾನಾ?"

ಸುಕೇಶ ಪರದೆಯನ್ನು ಮತ್ತೊಮ್ಮೆ ಓದಿದ. "ಅವಳು ಪ್ರೋಗ್ರಾಮನ್ನೇ ಹಾಳು ಮಾಡಿರಬಹುದು."

"ಅದನ್ನೂ ನೋಡುವ. ಲಿಯೋನೆಲ್!"

ಲಿಯೋನೆಲ್ ಜೇಬಿನಿಂದ ಸಿಡಿ ತೆಗೆದು ಪಕ್ಕದ ಕಂಪ್ಯೂಟರಿಗೆ ಹಾಕಿದ. ಎರಡು ವರ್ಷದ ಹಿಂದಿನ ಮೂಲ ಬರಹ. ಎಕ್ಸ್‌ಪರ್ಟಿಗೆ ಹೋದದ್ದೂ ಇದೇ ಎಂದು ಸುಕೇಶ ಹಾಳೆ ಇಟ್ಟು ಒಂದೊಂದೇ ಸಾಲು ತಾಳೆ ನೋಡಿದ. ಒಂದಕ್ಷರ ವ್ಯತ್ಯಾಸ ಇರಲಿಲ್ಲ. ಲಿಯೋನೆಲ್ ಅದನ್ನು ಎರಡು ಸಲ ಕಂಪೈಲ್ ಮಾಡಿದ. ಮೊದಲು ಮಾಮೂಲಿನಂತೆ. ಎರಡನೇ ಸಲ, ನಕಲು ತಪ್ಪಿಸಬೇಡ, ಎಲ್ಲ ಮಾಡು ಎಂದು ಕಂಪೈಲರಿಗೆ ತಾಕೀತು ಮಾಡಿ. ಎರಡಕ್ಕೂ ಅದೇ ಕ್ಯೂಬಿನ ಲೆಕ್ಕ ಉಣಿಸಿದ.

ಮೊದಲನೆಯದು ಬರೆದದ್ದು ಒಂದು ಸಾಲು. ಎರಡನೆಯದು ಮೂರು. ನ್ಯೂ, ಕಾಪಿ, ಮತ್ತೊಂದು ಕಾಪಿ.

"ಹೊರಗೆ ಬರುವಾಗ ಒಂದು ನಕಲು, ಒಳಗೆ ಹೋಗುವಾಗ ಇನ್ನೊಂದು," ಎಂದ ಲಿಯೋನೆಲ್.

ಪ್ರಫುಲ್ಲಾ ಬೆರಳು ಎತ್ತಿದರು. ಇಷ್ಟು ಹೊತ್ತು ಕಾದದ್ದೇ ಇದಕ್ಕೆ.

"ಎಣಿಸು ಸುಕೇಶ. ನಿನ್ನ ಎಕ್ಸ್‌ಪರ್ಟ್ ಹೇಳಿದ ಹಾಗೆ ನಡೆದರೆ ಮೂರು ಸಾಲು. ಕಂಪೈಲರ್ ಮಾಮೂಲಿನಂತೆ ನಡೆಸಿದರೆ ಒಂದು ಸಾಲು. ಕಾಪುವಿನ ಕ್ಯೂಬಿಗೆ ಎರಡು ಉಂಟು. ಎರಡು ಎಲ್ಲಿಂದ ಬಂತು?"

ಸುಕೇಶ ಬೆರಳಿಟ್ಟು ಸಾಲು ಎಣಿಸಿದ. ಗಡಿಯಾರದಲ್ಲಿ ಹನ್ನೊಂದೂ ಹದಿನೈದು.

"ಸರಿ ಇರುವುದು ಅದೊಂದೇ ಅಂದೆಯಲ್ಲ? ಕೆಟ್ಟದ್ದು ಅದೊಂದೇ! ಉಳಿದದ್ದೆಲ್ಲ ಅಪ್ಪಟ. ಈ ಹುಡುಗಿ ಒಂದು ಸಾಲನ್ನೂ ಮುಟ್ಟಲಿಲ್ಲ."

ಅಶ್ವಿನಿ ಗೋಡೆ ಬಿಟ್ಟು ಬಂದಳು. ಮೇಜಿನ ಮೇಲಿದ್ದ ತಪ್ಪೊಪ್ಪಿಗೆಯ ಕಾಗದ ಎತ್ತಿ ನಾಲ್ಕು ಚೂರು ಮಾಡಿ ಸುಕೇಶನ ಎದುರೇ ಹಾಕಿದಳು.

"ಲಿಯೋನೆಲಣ್ಣ, ಎರಡು ಸಾಲು ಹೇಗೆ ಬರುತ್ತದೆ?" ಎಂದು ಕೇಳಿದಳು. ಮಾತು ಮತ್ತೆ ಮಣಿಪಾಲದ್ದಾಗಿತ್ತು.

ಲಿಯೋನೆಲ್ ಕೀಬೋರ್ಡನ್ನೇ ನೋಡುತ್ತಿದ್ದ. "ಫಲಿತಾಂಶವನ್ನು ನೇರ ದಾಟಿಸದೆ ಒಂದು ಹೆಸರು ಕೊಟ್ಟು ನಡುವೆ ಹಿಡಿದು ಇಟ್ಟುಕೊಂಡರೆ ಬರುತ್ತದೆ. ಹೆಸರಿದ್ದದ್ದನ್ನು ಕಂಪೈಲರ್ ಹಾಗೇ ದಾಟಿಸುವುದಿಲ್ಲ. ಇವನಿಗೆ ಮತ್ತೆ ಬೇಕಾದೀತು ಅಂತ ನಕಲು ಮಾಡಿ ಕೊಡುತ್ತದೆ. ಒಂದು ಕಾಪಿ ಬೀಳುತ್ತದೆ."

"ನಡುವೆ ಹಿಡಿದು ಇಟ್ಟುಕೊಳ್ಳುವುದು ಯಾಕೆ?"

"ತಿದ್ದಲಿಕ್ಕೆ."

"ನ್ಯೂ ಬಿದ್ದದ್ದು ಒಂದೂ ಹನ್ನೆರಡಕ್ಕೆ," ಎಂದರು ಪ್ರಫುಲ್ಲಾ ಕಾಗದದ ಕಟ್ಟು ಬಿಡಿಸಿ. "ಕಾಪಿ ಬಿದ್ದದ್ದು ಒಂದೂ ಹತ್ತೊಂಬತ್ತಕ್ಕೆ. ಏಳು ನಿಮಿಷ ಆ ಲೆಕ್ಕ ಯಾರದೋ ಕೈಯಲ್ಲಿತ್ತು. ಊಟದ ಹೊತ್ತು, ಅಶ್ವಿನಿ ಇಲ್ಲಿ ಇರಲಿಲ್ಲ. ಆ ಒಂದು ಕ್ಯೂಬಿಗೆ ಪ್ರೋಗ್ರಾಂ ಬದಲಾಯಿಸಿ, ಕೂಡಲೇ ಮತ್ತೆ ಹಳೆಯದನ್ನೇ ಹಾಕಿದ್ದಾರೆ. ಮೂಲ ಬರಹ ಯಾರ ಹತ್ತಿರ ಉಂಟು ಲಿಯೋನೆಲ್?"

"ನನ್ನ ಹತ್ತಿರ."

"ಮತ್ತೆ?"

"ಮತ್ತೆ ಯಾರ ಹತ್ತಿರವೂ ಇಲ್ಲ. ಇಲ್ಲಿ ಇರುವುದು ಬರೀ ಹಾಳೆ."

ಪ್ರಫುಲ್ಲಾ ಜೋಳಿಗೆಯಿಂದ ಲ್ಯಾಬಿನ ಸರ್ವಿಸ್ ರಿಜಿಸ್ಟರ್ ತೆಗೆದು ಮೇಜಿನ ಮೇಲಿಟ್ಟರು. ಬೆಳಿಗ್ಗೆ ಒಂಬತ್ತಕ್ಕೇ ಕಪಾಟಿನಿಂದ ತೆಗೆದದ್ದು. ಆ ದಿನದ ಪುಟದಲ್ಲಿ ನೀಲಿ ಶಾಯಿಯಲ್ಲಿ ಒಂದೇ ಸಹಿ ಇತ್ತು, ಲಿಯೋನೆಲನದು.

"ನೀನಾಗಿಯೇ ಹೇಳುತ್ತೀಯೋ ಅಂತ ಕಾದೆ ಮಾರಾಯ."

ಲಿಯೋನೆಲ್ ಕುರ್ಚಿಯಲ್ಲಿ ಕುಸಿದ. "ಹೇಳಬೇಕು ಅಂತಲೇ ಬಂದದ್ದು ಟೀಚರ್. ತಿದ್ದಿದ್ದು ನಾನೇ. ಕಾಪಿ ಆದರೆ ಲಾಗಿಗೆ ಬರೆಯುವ ಸಾಲು ಹಾಕಿದ್ದೂ ನಾನೇ, ಆದರೆ ಎರಡು ವರ್ಷದಲ್ಲಿ ಅದು ಒಮ್ಮೆಯೂ ಬಿದ್ದದ್ದು ನೋಡಿರಲಿಲ್ಲ. ಮರೆತೇ ಹೋಗಿತ್ತು."

ಅಶ್ವಿನಿ ಅವನ ಕಡೆಗೆ ಒಂದು ಹೆಜ್ಜೆ ಇಟ್ಟಳು. ಹೊಡೆದೇಬಿಡುತ್ತಾಳೆ ಎಂದುಕೊಂಡರು ಪ್ರಫುಲ್ಲಾ. ಹೊಡೆದರೆ ಹೊಡೆಯಲಿ, ತಡೆಯುವುದಿಲ್ಲ ಎಂದೂ ಅಂದುಕೊಂಡರು.

"ಭುಜಂಗ ಹೇಳಿದರಾ?" ಎಂದು ಕೇಳಿದಳು ಅಶ್ವಿನಿ.

"ಅಲ್ಲ."

"ಸುಕೇಶ್ ಸರ್ರಾ?"

"ಅಲ್ಲ." ಲಿಯೋನೆಲ್ ತಲೆ ಎತ್ತಿದ. ಕಣ್ಣು ತುಂಬಿತ್ತು. "ನಿನ್ನ ಅಪ್ಪ."

ಅಶ್ವಿನಿ ಇಟ್ಟ ಹೆಜ್ಜೆ ಹಿಂದೆ ತೆಗೆದಳು. ಲಿಯೋನೆಲ್ ಮುಂದುವರಿಸಿದ.

"ನಮ್ಮ ಮನೆಯ ಕಾಂಪೌಂಡ್ ಕಟ್ಟಿದ್ದು ಹುಸೇನಪ್ಪನೇ. ಆ ಪರಿಚಯ. ಒಂದು ದಿನ ಬಂದು ಕಾಲಿಗೆ ಬಿದ್ದ. ಮಗಳು ಗೊತ್ತಿಲ್ಲದೆ ಪರೀಕ್ಷೆಗೆ ಇಟ್ಟ ಕ್ಯೂಬನ್ನೇ ತಂದು ಒಲೆಯ ಗುಂಡು ಮಾಡಿದ್ದಾಳೆ, ವಾರಗಟ್ಟಲೆ ಬೆಂಕಿ ತಿಂದಿದೆ, ಒಲೆಗೆ ಬೇರೊಂದನ್ನು ಇಟ್ಟು ಅದನ್ನೇ ತೆಗೆದು ತೊಳೆದು ಲ್ಯಾಬಿಗೆ ಕಳಿಸಿದ್ದಾರಂತೆ ಅಂದ. ಸ್ಲ್ಯಾಬ್ ಗಟ್ಟಿ ಉಂಟು, ಸುಟ್ಟದ್ದು ಕ್ಯೂಬ್ ಒಂದೇ. ಅದು ಫೇಲಾದರೆ ಯಾಕೆ ಅಂತ ಕೇಳುತ್ತಾರೆ, ಲ್ಯಾಬಿನಲ್ಲಿ ಕೆಲಸ ಮಾಡುವವಳೇ ಹೀಗೆ ಮಾಡಿದಳು ಅಂತ ಮಗಳ ಕೆಲಸ ಹೋಗುತ್ತದೆ ಅಂತ ಅತ್ತ. ಒಂದು ನಂಬರ್ ತಾನೇ ಅಂತ ನಾನು ತಿದ್ದಿದೆ. ಸುಟ್ಟ ಕ್ಯೂಬಿನದ್ದಲ್ಲವಾ, ಯಾರಿಗೂ ಅನ್ಯಾಯ ಇಲ್ಲ ಅಂದುಕೊಂಡೆ."

ಈ ಕೇಸು ಕೈಗೆತ್ತಿಕೊಂಡಾಗಿನಿಂದ ಉತ್ತರ ಸಿಗದ ಪ್ರಶ್ನೆ ಒಂದಿತ್ತು ಪ್ರಫುಲ್ಲಾರಿಗೆ. ಮೂವತ್ತು ವರ್ಷ ಸೆಂಟ್ರಿಂಗ್ ಮಾಡಿದ ಮನುಷ್ಯ ಆ ಸ್ಲ್ಯಾಬಿನ ಕೆಳಗೆ ಯಾಕೆ ನಿಂತ? ಈಗ ಗೊತ್ತಾಯಿತು. ಅದು ಗಟ್ಟಿ ಎಂದು ಅವನು ಮನಸಾರೆ ನಂಬಿದ್ದ.

ಅಶ್ವಿನಿ ಅಳುತ್ತಾಳೆ ಎಂದು ಸುಕೇಶ ನೀರಿನ ಲೋಟ ಮುಂದೆ ಮಾಡಿದ. ಅವಳು ಅದನ್ನು ಮುಟ್ಟಲಿಲ್ಲ.

"ಅಪ್ಪಗ ಸುಳ್ಳು ಹೇಳ್ಯಾರ," ಎಂದಳು.

"ಎಂತ?"

"ನಾ ಒಲಿಗೆ ಕ್ಯೂಬ್ ಇಟ್ಟದ್ದು ಖರೆ. ಸ್ಲ್ಯಾಬಿಗೆ ಹಾಕಿ ಉಳಿದ ಕಾಂಕ್ರೀಟನ್ನ ಎಲ್ಲಾ ಸೈಟಿನಾಗೂ ಒಂದು ಖಾಲಿ ಅಚ್ಚಿಗೆ ತುಂಬತಾರ. ನಂಬರ್ ಇರಂಗಿಲ್ಲ, ಲೆಕ್ಕಕ್ಕ ಇಲ್ಲ. ಶೆಡ್ಡಿನವರು ಒಲಿಗೋ, ಬಟ್ಟಿ ಒಗೆಯಾಕೋ ಒಯ್ತಾರ. ನಾನೂ ಒಯ್ದೆ. ಒಯ್ದ ದಿನಾನೇ ಕೈತಪ್ಪಿ ಬಿದ್ದು ಅದರ ಮೂಲಿ ಮುರೀತು." ಉಸಿರು ಎಳೆದುಕೊಂಡಳು. "ನಾನೂರ ಹದಿನೇಳನ್ನ ಇಲ್ಲಿ ಬರಕೊಂಡಾಕಿ ನಾನೇ. ಎಂಟೂ ಮೂಲಿ ನೆಟ್ಟಗಿದ್ವು, ಒಂದು ಚೂರು ಮಸಿ ಇರಲಿಲ್ಲ. ಮೂಲಿ ಮುರಿದ ಕ್ಯೂಬ್ ನಮ್ಮ ಒಲ್ಯಾಗೇ ಐತಿ. ಇವತ್ತು ಮುಂಜಾನಿ ಅದರ ಮ್ಯಾಲೆ ಹಂಚಿಟ್ಟು ರೊಟ್ಟಿ ಸುಟ್ಟು ಬಂದೀನಿ."

ಸುಕೇಶ ಲೋಟವನ್ನು ಮೇಜಿನ ಮೇಲಿಟ್ಟ.

"ಅಂದರೆ ಆ ಕ್ಯೂಬ್ ಸುಟ್ಟದ್ದಲ್ಲ," ಎಂದರು ಪ್ರಫುಲ್ಲಾ ನಿಧಾನವಾಗಿ. "ಕಾಂಕ್ರೀಟೇ ಕೆಟ್ಟದ್ದು. ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತದೆ ಅಂತ ಮೊದಲೇ ಗೊತ್ತಿದ್ದವರು ನಿನ್ನ ಅಪ್ಪನನ್ನು ಹೆದರಿಸಿ ಕಳಿಸಿದ್ದಾರೆ. ಯಾರು ಲಿಯೋನೆಲ್?"

"ದೇವರಾಣೆ ಗೊತ್ತಿಲ್ಲ ಟೀಚರ್. ಅವನು ಹೆಸರು ಹೇಳಲಿಲ್ಲ."

"ಹೋಗಲಿ. ಒಲೆಯ ಕಲ್ಲು ಇರುವ ತನಕ ಸುಟ್ಟ ಕ್ಯೂಬ್ ಲ್ಯಾಬಿಗೆ ಬಂತು ಅಂತ ಯಾರೂ ಹೇಳಲಾರರು. ಸುಕೇಶ, ಫೋನ್ ಇತ್ಲಾಗಿ ಕೊಡು. ಎಸ್ಸೈ ಬರಲಿ, ಅವರ ಜೀಪಿನಲ್ಲೇ ಕಾಪುವಿಗೆ ಹೋಗುವ."

ಕಾಪುವಿನ ಸೈಟಿನಲ್ಲಿ ಅಶ್ವಿನಿಯ ಮನೆಯವರಿದ್ದ ಶೆಡ್ಡಿನ ಎದುರು ಶೀನನ ಬೀಡಾ ಅಂಗಡಿ, ಅಲ್ಲಿಯೇ ಫೋನ್. ಅಶ್ವಿನಿ ನಂಬರ್ ಒತ್ತಿದಳು. ಪ್ರಫುಲ್ಲಾ ಸ್ಪೀಕರ್ ಗುಂಡಿ ಒತ್ತಿದರು. ಅರ್ಧ ರಿಂಗಿಗೇ ಶೀನ ಎತ್ತಿದ.

"ಶೀನಣ್ಣ, ನಾನು ಅಶ್ವಿನಿ. ಅಮ್ಮನನ್ನು ಸ್ವಲ್ಪ ಕರೆಯಿರಿ."

"ಒಳ್ಳೆಯದಾಯಿತು ನೀನು ಮಾಡಿದ್ದು! ಭುಜಂಗರ ಜೆಸಿಬಿ ಬಂದು ನಿಂತಿದೆ ಮಾರಾಯ್ತಿ, ನಿಮ್ಮ ಶೆಡ್ ತೆಗೆಯಲಿಕ್ಕೆ. ಪಾತ್ರೆ, ಬಟ್ಟೆ ಎಲ್ಲ ಮಾರ್ಗಕ್ಕೆ ಹಾಕಿಯಾಯಿತು. ನಿನ್ನ ಅಮ್ಮ ರಾಚವ್ವ ಮಾತ್ರ ಒಲೆಯ ಎದುರು ಕೂತಿದ್ದಾರೆ. ಯಾರು ಹೇಳಿದರೂ ಏಳುವುದಿಲ್ಲ. ಗಂಡನ ಕೇಸ್ ಮುಗಿಯದೆ ಈ ಜಾಗ ಬಿಡುವುದಿಲ್ಲ ಅಂತಾರೆ. ಡ್ರೈವರ್ ಒಂದು ಸಲ ಹೆದರಿಸಿದ, ಅಲ್ಲಾಡಲಿಲ್ಲ. ಎಂತ ಹೇಳಬೇಕು ನಾನು?"

ಅಶ್ವಿನಿ ಫೋನಿನ ಮೇಲೆ ಬಾಗಿದಳು.

"ಹೇಳ್ರಿ ಶೀನಣ್ಣ, ಏಳಬ್ಯಾಡ ಅಂತ ಹೇಳ್ರಿ. ನಾ ಬರಾಕತ್ತೀನಿ."

ಶೀನ ಯಾರಿಗೋ ಬೇಡ, ಬೇಡ ಎಂದು ಕೂಗಿದ್ದು ಕೇಳಿಸಿತು, ಹಿಂದೆಯೇ ಜೆಸಿಬಿ ಸ್ಟಾರ್ಟಾದ ಸದ್ದು.